ಮನೆಯಲ್ಲಿ ಒಬ್ಬರು ಕುಡಿತಕ್ಕೆ ಬಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಡಿತದ ಬಗ್ಗೆ ವಿಚಾರಿಸುವವರಲ್ಲಿ ಕುಡಿಯುವವರಿಗಿಂತ ಅವರ ಮನೆಯವರೇ ಜಾಸ್ತಿ. ಹೆಂಡತಿ ಕೇಳುತ್ತಾರೆ, ಅಮ್ಮ ಕೇಳುತ್ತಾರೆ, ಕಾಲೇಜಿಗೆ ಹೋಗುವ ಮಗಳು ಕೇಳುತ್ತಾಳೆ. ಹಾಗಾಗಿ ಈ ಉತ್ತರಗಳನ್ನು ಮೊದಲು ಅವರಿಗಾಗಿಯೇ ಬರೆದಿದ್ದೇನೆ. ಕುಡಿಯುವವರೂ ಓದಿದರೆ ಇನ್ನೂ ಒಳ್ಳೆಯದು. ಅವರನ್ನು ಹೀಯಾಳಿಸುವ ಮಾತು ಇಲ್ಲಿ ಒಂದೂ ಇಲ್ಲ.

ಕುಡಿಯುವವರೆಲ್ಲ ಚಟಕ್ಕೆ ಬಿದ್ದವರಾ? ಗುರುತಿಸುವುದು ಹೇಗೆ?

ಎಲ್ಲರೂ ಅಲ್ಲ. ಎಷ್ಟು ಪೆಗ್ ಅನ್ನುವ ಲೆಕ್ಕವೊಂದರಿಂದಲೇ ಇದು ತೀರ್ಮಾನ ಆಗುವುದೂ ಇಲ್ಲ. ಒಂದೇ ಪೆಗ್ ಅಂತ ಕೂತವರು ಬಾಟಲಿ ಮುಗಿಸಿಯೇ ಏಳುತ್ತಾರಾ? ಬಿಡಬೇಕು ಅಂತ ತಾವೇ ಪ್ರಯತ್ನಪಟ್ಟು ಸೋತಿದ್ದಾರಾ? ಕುಡಿಯದಿದ್ದ ದಿನ ಕೈ ನಡುಗುತ್ತದಾ, ಬೆವರುತ್ತದಾ, ನಿದ್ದೆ ಬರುವುದಿಲ್ಲವಾ? ಮೊದಲು ಎರಡಕ್ಕೆ ಏರುತ್ತಿದ್ದ ಅಮಲಿಗೆ ಈಗ ನಾಲ್ಕು ಬೇಕಾ? ಮನೆಯಲ್ಲಿ ಜಗಳ, ಕೆಲಸಕ್ಕೆ ಚಕ್ಕರ್, ವೈದ್ಯರ ಎಚ್ಚರಿಕೆ ಎಲ್ಲ ಆದ ಮೇಲೂ ಮುಂದುವರಿಸುತ್ತಿದ್ದಾರಾ? ನೋಡಬೇಕಾದದ್ದು ಇವುಗಳನ್ನು. ಮನೋವೈದ್ಯರು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಇಂಥ 11 ಲಕ್ಷಣಗಳಿವೆ. ಒಂದು ವರ್ಷದೊಳಗೆ ಅವುಗಳಲ್ಲಿ ಎರಡು ಕಂಡರೂ ಸಮಸ್ಯೆ ಶುರುವಾಗಿದೆ ಅಂತಲೇ ಲೆಕ್ಕ, ಆರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೀವ್ರ.

ಮನೆಯಲ್ಲೇ ನೋಡಿಕೊಳ್ಳಬೇಕು ಅಂದರೆ ವೈದ್ಯರು ದಶಕಗಳಿಂದ ಕೇಳುತ್ತಾ ಬಂದ ನಾಲ್ಕು ಪ್ರಶ್ನೆಗಳಿವೆ. ಕುಡಿತ ಕಡಿಮೆ ಮಾಡಬೇಕು ಅಂತ ಎಂದಾದರೂ ಅನ್ನಿಸಿದೆಯಾ? ಬೇರೆಯವರು ಅದರ ಬಗ್ಗೆ ಟೀಕಿಸಿದಾಗ ಸಿಟ್ಟು ಬಂದಿದೆಯಾ? ಕುಡಿದದ್ದಕ್ಕೆ ತಪ್ಪು ಮಾಡಿದೆ ಅಂತ ಮನಸ್ಸು ಚುಚ್ಚಿದೆಯಾ? ಬೆಳಗ್ಗೆ ಎದ್ದ ಕೂಡಲೇ ಕೈ ನಡುಕ ನಿಲ್ಲಿಸಲು, ತಲೆಭಾರ ಇಳಿಸಲು ಕುಡಿದದ್ದಿದೆಯಾ? ಎರಡಕ್ಕೆ ಹೌದು ಅಂತ ಉತ್ತರ ಬಂದರೆ ವೈದ್ಯರ ಹತ್ತಿರ ಹೋಗುವ ಕಾಲ ಬಂದಿದೆ. ನಾಲ್ಕನೆಯ ಪ್ರಶ್ನೆಗೆ ಹೌದು ಅಂದರಂತೂ ತಡಮಾಡಬೇಡಿ.

ದಿನಾ ಕುಡಿಯಲ್ಲ, ವಾರದ ಕೊನೆಗೆ ಮಾತ್ರ. ಅದೂ ತೊಂದರೆಯಾ?

ಆಗಬಹುದು. ಐದು ದಿನ ಬಾಯಿಗೆ ಹಾಕದೆ, ಎರಡು ದಿನ ಮೈಮೇಲೆ ಪ್ರಜ್ಞೆ ಇಲ್ಲದ ಹಾಗೆ ಕುಡಿಯುವವರಿದ್ದಾರೆ. ಅಪಘಾತ, ಹೊಡೆದಾಟ, ಹಿಂದಿನ ರಾತ್ರಿ ಏನಾಯಿತು ಅಂತ ನೆನಪೇ ಇಲ್ಲದಿರುವುದು, ಇವೆಲ್ಲ ಅಂಥ ಕುಡಿತದಲ್ಲೇ ಜಾಸ್ತಿ. ನೆನಪು ಅಳಿಸಿಹೋಗುವುದನ್ನು ಸುಮ್ನೆ ನಕ್ಕು ಬಿಟ್ಟುಬಿಡುತ್ತಾರೆ. ನಗುವ ವಿಷಯ ಅಲ್ಲ ಅದು. ಆ ಹೊತ್ತು ಮೆದುಳು ನೆನಪು ಬರೆದಿಡುವ ಕೆಲಸವನ್ನೇ ನಿಲ್ಲಿಸಿತ್ತು ಅಂತ ಅರ್ಥ.

ಇದು ಕಾಯಿಲೆಯಾ ಅಥವಾ ಮನಸ್ಸು ಗಟ್ಟಿ ಇಲ್ಲದ್ದಾ?

ಕಾಯಿಲೆ. ಅಮೆರಿಕದ ವೈದ್ಯಕೀಯ ಸಂಘ 1956ರಲ್ಲೇ ಹಾಗಂತ ಒಪ್ಪಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ಇದೆ.

ಒಳಗೆ ನಡೆಯುವುದು ಏನು ಅಂತ ಗೊತ್ತಾದರೆ ಅರ್ಧ ಸಿಟ್ಟು ಇಳಿಯುತ್ತದೆ. ಮೆದುಳಿನಲ್ಲಿ ಶಾಂತಗೊಳಿಸುವ ರಾಸಾಯನಿಕ ಒಂದಿದೆ, ಗಾಬಾ ಅಂತ. ಚುರುಕುಗೊಳಿಸುವುದು ಇನ್ನೊಂದು, ಗ್ಲುಟಮೇಟ್ ಅಂತ. ಮದ್ಯ ಮೊದಲನೆಯದರ ಬಲ ಹೆಚ್ಚಿಸುತ್ತದೆ, ಎರಡನೆಯದನ್ನು ಅದುಮುತ್ತದೆ. ಜೊತೆಗೆ ಡೋಪಮಿನ್ ಏರಿ, ಇದು ಮತ್ತೆ ಬೇಕು ಅನ್ನುವ ಗುರುತು ಉಳಿಯುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಮೆದುಳು ಮದ್ಯ ಇರುತ್ತದೆ ಅಂತಲೇ ಲೆಕ್ಕ ಹಾಕಿಕೊಂಡು ತನ್ನ ವ್ಯವಸ್ಥೆಯನ್ನು ಬದಲಿಸಿಕೊಳ್ಳುತ್ತದೆ. ಆಮೇಲೆ ಕುಡಿಯುವುದು ಮಜಾಕ್ಕಲ್ಲ, ಸುಮ್ನೆ ಎಲ್ಲರ ಹಾಗೆ ಇರುವುದಕ್ಕೆ. ಬೆಳಗ್ಗೆ ಟೀ ಲೋಟ ತುಟಿಗೆ ತರುವಷ್ಟರಲ್ಲಿ ಅರ್ಧ ಚೆಲ್ಲುವ ಕೈ, ಎರಡು ಗುಟುಕು ಹೊಟ್ಟೆಗೆ ಹೋದ ಮೇಲೆ ನಡುಕ ನಿಲ್ಲಿಸಿ ಸಹಿ ಹಾಕುತ್ತದೆ. ಅದನ್ನು ಹತ್ತಿರದಿಂದ ಕಂಡವರು ಮನಸ್ಸು ಮಾಡಿದರೆ ಬಿಡಬಹುದಲ್ಲ ಅನ್ನುವ ಮಾತನ್ನು ಅಷ್ಟು ಸಲೀಸಾಗಿ ಆಡುವುದಿಲ್ಲ.

ಹಾಗಂತ ಕಾಯಿಲೆ ಅಂದ ತಕ್ಷಣ ಹೊಣೆ ತಪ್ಪುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಬೇಕಂತ ತಂದುಕೊಂಡಿಲ್ಲ, ಆದರೆ ಮಾತ್ರೆ ನುಂಗಬೇಕಾದವರು ಅವರೇ ಅಲ್ವಾ? ಇಲ್ಲೂ ಅಷ್ಟೇ. ಚಿಕಿತ್ಸೆ ತೆಗೆದುಕೊಳ್ಳುವ ಹೊಣೆ ಅವರದೇ.

ಅಪ್ಪ ಕುಡಿಯುತ್ತಿದ್ದರೆ ಮಗನೂ ಕುಡಿಯುತ್ತಾನಾ?

ಕುಡಿಯಲೇಬೇಕು ಅಂತಿಲ್ಲ. ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ಸುಮಾರು ಅರ್ಧದಷ್ಟು ವಂಶವಾಹಿಗಳ ಪಾಲು ಅಂತ ಅವಳಿಗಳ ಮೇಲೆ, ದತ್ತು ಹೋದ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಹೇಳುತ್ತವೆ. ಉಳಿದದ್ದು ಬೆಳೆದ ವಾತಾವರಣ, ಸ್ನೇಹಿತರು, ಯಾವ ವಯಸ್ಸಿಗೆ ಮೊದಲ ಸಲ ಕುಡಿದರು ಅನ್ನುವುದು. ಎಷ್ಟು ಚಿಕ್ಕ ವಯಸ್ಸಿಗೆ ಶುರುವಾದರೆ ಅಷ್ಟು ಅಪಾಯ. ಮನೆಯಲ್ಲಿ ಈ ಇತಿಹಾಸ ಇದ್ದರೆ ಹದಿಹರೆಯದ ಮಕ್ಕಳಿಗೆ ನೇರವಾಗಿ ಹೇಳಿ. ಬೇರೆಯವರಿಗೆ ಎರಡು ಪೆಗ್‌ಗೆ ಏರುವ ಅಮಲು ನಿನಗೆ ನಾಲ್ಕಕ್ಕೂ ಏರದಿದ್ದರೆ ಅದು ಶಕ್ತಿ ಅಲ್ಲ, ಎಚ್ಚರಿಕೆ ಅಂತ ತಿಳಿಸಿ. ಕುಡಿದರೂ ತಡೆದುಕೊಳ್ಳುತ್ತೇನೆ ಅಂತ ಜಂಬ ಪಡುವ ಹುಡುಗರೇ ಮುಂದೆ ಸುಲಭವಾಗಿ ಸಿಕ್ಕಿಬೀಳುತ್ತಾರೆ.

ಬಿಯರ್, ವೈನ್ ಪರವಾಗಿಲ್ಲ, ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದು ಅಂತಾರಲ್ಲ?

ಅದು ಹಳೆಯ ಮಾತು. ಆರೋಗ್ಯಕ್ಕೆ ಏನೂ ಅಪಾಯವಿಲ್ಲದ ಪ್ರಮಾಣ ಅನ್ನುವುದೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಬಾಟಲಿಯ ಮೇಲಿನ ಹೆಸರು ಏನೇ ಇರಲಿ, ಒಳಗಿರುವುದು ಅದೇ ಎಥೆನಾಲ್. ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಪಟ್ಟಿಗೆ ಮದ್ಯ ಸೇರಿದ್ದು 1988ರಲ್ಲಿ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ, ಹೀಗೆ ಕನಿಷ್ಠ ಏಳು ಬಗೆಯ ಕ್ಯಾನ್ಸರ್‌ಗೂ ಅದಕ್ಕೂ ನಂಟಿದೆ.

ಲಿವರ್ ಹಾಳಾಗಿದೆ ಅಂದಿದ್ದಾರೆ. ಇನ್ನು ಬಿಟ್ಟು ಏನು ಪ್ರಯೋಜನ?

ತುಂಬಾ ಪ್ರಯೋಜನ ಇದೆ. ಮೊದಲ ಹಂತದಲ್ಲಿ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಪೂರ್ತಿ ಬಿಟ್ಟರೆ ಎಷ್ಟೋ ಜನರಿಗೆ ಕೆಲವು ವಾರಗಳಲ್ಲೇ ಅದು ಇಳಿದುಹೋಗುತ್ತದೆ. ಮುಂದಿನದು ಉರಿಯೂತ, ಕಣ್ಣು ಹಳದಿಯಾಗುವುದು. ಕೊನೆಯದು ಸಿರೋಸಿಸ್, ಅಂದರೆ ಮೆತ್ತಗಿದ್ದ ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾಗುವುದು. ಕಲೆ ಬಿದ್ದ ಜಾಗ ಹೆಚ್ಚಾಗಿ ಮೊದಲಿನಂತೆ ಆಗುವುದಿಲ್ಲ. ಆದರೆ ಆ ಹಂತದಲ್ಲೂ ಬಿಟ್ಟವರು ಬಿಡದವರಿಗಿಂತ ಜಾಸ್ತಿ ಕಾಲ ಬದುಕುತ್ತಾರೆ.

ನಾಳೆಯಿಂದ ಒಂದು ಹನಿಯೂ ಮುಟ್ಟಲ್ಲ ಅಂತ ಪ್ರಮಾಣ ಮಾಡಿದ್ದಾರೆ. ಮನೆಯಲ್ಲೇ ಬಿಡಿಸಬಹುದಾ?

ದಯವಿಟ್ಟು ಈ ಉತ್ತರವನ್ನು ಪೂರ್ತಿ ಓದಿ.

ಅಪರೂಪಕ್ಕೆ ಕುಡಿಯುವವರು ಯಾವತ್ತು ಬೇಕಾದರೂ ನಿಲ್ಲಿಸಬಹುದು. ಆದರೆ ವರ್ಷಗಟ್ಟಲೆ ದಿನಾ ಕುಡಿದವರು, ಬೆಳಗ್ಗೆಯೇ ಬೇಕಾಗುವವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಮದ್ಯ ಇದ್ದೇ ಇರುತ್ತದೆ ಅಂತ ಹೊಂದಿಕೊಂಡ ಮೆದುಳಿನಿಂದ ಅದನ್ನು ಕಸಿದುಕೊಂಡರೆ, ಅಷ್ಟು ಕಾಲ ಅದುಮಿಟ್ಟಿದ್ದ ಚುರುಕೆಲ್ಲ ಒಟ್ಟಿಗೆ ಹೊರಗೆ ನುಗ್ಗುತ್ತದೆ. ಕೊನೆಯ ಪೆಗ್ ಆಗಿ ಆರೆಂಟು ಗಂಟೆಗೆ ನಡುಕ, ಬೆವರು, ವಾಂತಿ, ಎದೆಬಡಿತ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇನ್ನೂ ಭಯಂಕರ ಸ್ಥಿತಿ ಬರುತ್ತದೆ. ಗೋಡೆಯ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ, ಇಲ್ಲದವರ ಜೊತೆ ಮಾತಾಡುತ್ತಾರೆ, ಎಲ್ಲಿದ್ದೇನೆ ಅನ್ನುವುದೇ ಗೊತ್ತಿರುವುದಿಲ್ಲ, ಮೈ ಕೆಂಡದ ಹಾಗೆ ಸುಡುತ್ತದೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಗಾಳಿ ಸೋಕಿದೆ, ಹುಚ್ಚು ಹಿಡಿದಿದೆ ಅಂತ ಕೋಣೆಯಲ್ಲಿ ಕೂಡಿಹಾಕಿದರೆ ಸಾವೇ ಬರಬಹುದು. ಇದು ತುರ್ತು ಚಿಕಿತ್ಸೆಯ ವಿಷಯ.

ಆಸ್ಪತ್ರೆಯಲ್ಲಿ ಇದನ್ನು ಸುರಕ್ಷಿತವಾಗಿ ದಾಟಿಸುತ್ತಾರೆ. ಕೆಲವು ದಿನ ಶಾಂತಗೊಳಿಸುವ ಔಷಧಿ ಕೊಟ್ಟು ಮೆಲ್ಲಗೆ ಕಡಿಮೆ ಮಾಡುತ್ತಾ ಬರುತ್ತಾರೆ. ಬಿ-1 ವಿಟಮಿನ್, ಅಂದರೆ ಥಯಮಿನ್ ಕೊಡುತ್ತಾರೆ, ಹೆಚ್ಚಾಗಿ ಇಂಜೆಕ್ಷನ್ ರೂಪದಲ್ಲಿ. ವಿಟಮಿನ್ ತಾನೇ ಅಂತ ಇದನ್ನು ಹಗುರ ಮಾಡಬೇಡಿ. ಊಟ ಬಿಟ್ಟು ಕುಡಿದವರ ಮೈಯಲ್ಲಿ ಅದು ಬತ್ತಿಹೋಗಿರುತ್ತದೆ. ಆ ಕೊರತೆ ಹಾಗೇ ಉಳಿದರೆ ಹೊಸದೇನನ್ನೂ ನೆನಪಿಟ್ಟುಕೊಳ್ಳಲಾಗದ ಶಾಶ್ವತ ಮರೆವು ಬರಬಹುದು. ಆ ಶಾಂತಗೊಳಿಸುವ ಔಷಧಿಗಳನ್ನು ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಇನ್ನೊಂದು ವಿಷಯ. ಬಿಡುವುದು, ಮತ್ತೆ ಹಿಡಿಯುವುದು, ಮತ್ತೆ ಬಿಡುವುದು, ಹೀಗೆ ಸಲಸಲಕ್ಕೂ ಬಿಡುವ ಹೊತ್ತಿನ ಯಾತನೆ ಹೆಚ್ಚಾಗುತ್ತಾ ಹೋಗಬಹುದು. ಹೋದ ಸಲ ಏನೂ ಆಗಲಿಲ್ಲ ಅನ್ನುವ ಧೈರ್ಯ ಈ ಸಲಕ್ಕೆ ಸಾಲುವುದಿಲ್ಲ.

ಕುಡಿದು ಎಚ್ಚರ ತಪ್ಪಿ ಬಿದ್ದಿದ್ದಾರೆ. ಮಲಗಲಿ ಅಂತ ಬಿಡಬಹುದಾ?

ಅಲುಗಾಡಿಸಿದರೂ ಏಳುತ್ತಿಲ್ಲ, ಉಸಿರು ನಿಧಾನವಾಗಿದೆ ಅಥವಾ ತಪ್ಪಿ ತಪ್ಪಿ ಬರುತ್ತಿದೆ, ಮೈ ತಣ್ಣಗಾಗಿದೆ, ತುಟಿ ನೀಲಿಯಾಗಿದೆ ಅಂದರೆ ಆಂಬುಲೆನ್ಸ್ ಕರೆಯಿರಿ. ಅದು ಬರುವವರೆಗೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಜೊತೆಗೇ ಇರಿ. ಅಂಗಾತ ಮಲಗಿಸಬೇಡಿ, ವಾಂತಿ ಉಸಿರುನಾಳಕ್ಕೆ ಹೋಗಿ ಸಾಯುವವರಿದ್ದಾರೆ. ಕಾಫಿ, ತಣ್ಣೀರು, ಮಜ್ಜಿಗೆ ಯಾವುದೂ ಅಮಲು ಇಳಿಸುವುದಿಲ್ಲ. ಸುಮಾರು ಒಂದು ಪೆಗ್ ಕರಗಿಸಲು ಲಿವರ್‌ಗೆ ಒಂದು ಗಂಟೆ ಬೇಕು, ಅದನ್ನು ಅವಸರ ಮಾಡಿಸಲು ಆಗುವುದಿಲ್ಲ.

ನನ್ನಿಂದಲೇ ಕುಡಿಯುತ್ತಾರೆ ಅಂತಾರೆ. ನಿಜವಾ?

ಇಲ್ಲ. ನಿಮ್ಮ ಅಡುಗೆ, ನಿಮ್ಮ ಮಾತು, ನಿಮ್ಮ ತವರು, ಸೊಸೆ, ಸಾಲ, ಆಫೀಸಿನ ಬಾಸ್, ಯಾವುದೂ ಯಾರ ಬಾಯಿಗೂ ಮದ್ಯ ಸುರಿಯುವುದಿಲ್ಲ. ಬೇಸರಕ್ಕೆ ಕುಡಿದವರು ಖುಷಿಗೂ ಕುಡಿಯುತ್ತಾರೆ. ಕುಡಿಯುವವರ ಮನೆಯವರು ಸೇರುವ ಅಲ್-ಅನಾನ್ ಕೂಟಗಳಲ್ಲಿ ಹೇಳುವ ಒಂದು ಮಾತಿದೆ: ಇದನ್ನು ತಂದದ್ದು ನಾನಲ್ಲ, ಹಿಡಿತದಲ್ಲಿಡಲು ನನ್ನಿಂದ ಆಗದು, ಗುಣಪಡಿಸಲೂ ನನ್ನಿಂದ ಆಗದು. ಓದಲು ಸುಲಭ. ಮೈಗೆ ಹತ್ತಲು ತಿಂಗಳುಗಳು ಬೇಕು, ಏಕೆಂದರೆ ನೀನೇ ಕಾರಣ ಅಂತ ವರ್ಷಗಟ್ಟಲೆ ಕೇಳಿ ಕೇಳಿ ಅದೇ ನಿಜ ಅನ್ನಿಸಿಬಿಟ್ಟಿರುತ್ತದೆ.

ಮನೆ ಮರ್ಯಾದೆ ಉಳಿಸಬೇಕಲ್ಲ? ನಾಲ್ಕು ಜನಕ್ಕೆ ಗೊತ್ತಾದರೆ?

ನಾಲ್ಕು ಜನಕ್ಕೆ ಹೆಚ್ಚಾಗಿ ಗೊತ್ತಿರುತ್ತದೆ. ಗೊತ್ತಿಲ್ಲದ ಹಾಗೆ ಇರುತ್ತಾರೆ, ಅಷ್ಟೇ.

ಈ ಪ್ರಶ್ನೆಯ ಬಗ್ಗೆ ನನಗೆ ತುಂಬಾ ಹೇಳಬೇಕಿದೆ. ಕುಡಿತ ಇರುವ ಮನೆಯಲ್ಲಿ ಎರಡನೆಯ ಕೆಲಸ ಒಂದು ಶುರುವಾಗಿರುತ್ತದೆ, ಮುಚ್ಚಿಡುವ ಕೆಲಸ. ಬೆಳಗ್ಗೆ ಅವರು ಏಳಲಾಗದೆ ಮಲಗಿದ್ದರೆ ಹೆಂಡತಿ ಆಫೀಸಿಗೆ ಫೋನ್ ಮಾಡಿ ಜ್ವರ ಅನ್ನುತ್ತಾರೆ. ವಾಂತಿ ಒರೆಸುತ್ತಾರೆ, ಹರಿದ ಷರ್ಟು ಬಚ್ಚಿಡುತ್ತಾರೆ. ನೆಂಟರು ಬರುತ್ತೇನೆ ಅಂದರೆ ಊರಲ್ಲಿಲ್ಲ ಅನ್ನುತ್ತಾರೆ. ಅಮ್ಮ ಮಗನ ಸಾಲ ತೀರಿಸುತ್ತಾರೆ, ಅದೂ ಗಂಡನಿಗೆ ಗೊತ್ತಿಲ್ಲದ ಹಾಗೆ. ಸಿಂಕಿನಲ್ಲಿ ಸುರಿಯುವುದು, ಬಾಟಲಿಗೆ ಗುರುತು ಹಾಕುವುದು, ಕಪಾಟಿನ ಪುಸ್ತಕಗಳ ಹಿಂದೆ, ಗಾಡಿಯ ಡಿಕ್ಕಿಯಲ್ಲಿ, ಸ್ಟೂಲು ಹತ್ತಿ ನೀರಿನ ಟ್ಯಾಂಕಿನ ಹಿಂದೆ ಹುಡುಕುವುದು. ಇದೆಲ್ಲ ಪ್ರೀತಿಯಿಂದಲೇ ಮಾಡುವುದು, ಅದರಲ್ಲಿ ಅನುಮಾನ ಇಲ್ಲ. ಆದರೆ ಒಂದು ಲೆಕ್ಕ ನೋಡಿ. ಕುಡಿತದ ಪೆಟ್ಟು ಕುಡಿದವರಿಗೆ ತಾಗಬೇಕಾದ ಪ್ರತಿ ಸಲವೂ ನೀವು ನಡುವೆ ಬಂದು ಅದನ್ನು ನಿಮ್ಮ ಮೈಮೇಲೆ ತೆಗೆದುಕೊಂಡಿದ್ದೀರಿ. ಅವರ ಪಾಲಿಗೆ ಕುಡಿತದಿಂದ ಏನೂ ಆಗಿಲ್ಲ, ಎಲ್ಲ ನಡೆಯುತ್ತಿದೆ. ಹಾಗಿದ್ದ ಮೇಲೆ ಯಾಕೆ ಬಿಡಬೇಕು?

ಮುಚ್ಚಿಡುವುದನ್ನು ನಿಲ್ಲಿಸುವುದು ಅಂದರೆ ಬೀದಿಯಲ್ಲಿ ಹರಾಜು ಹಾಕುವುದಲ್ಲ. ಅವರ ಪರವಾಗಿ ಸುಳ್ಳು ಹೇಳುವುದನ್ನು ಬಿಡುವುದು. ಆಫೀಸಿಗೆ ಅವರೇ ಫೋನ್ ಮಾಡಲಿ. ಅವರು ಮಾಡಿದ ಸಾಲಕ್ಕೆ ಅವರೇ ಉತ್ತರ ಕೊಡಲಿ. ಬೆಳಗ್ಗೆ ಎದ್ದಾಗ ಹಾಸಿಗೆ ಗಲೀಜಾಗಿದ್ದರೆ ಅವರೇ ನೋಡಲಿ. ಪ್ರಾಣಕ್ಕೆ ಅಪಾಯ ಇರುವ ಕಡೆ ಮಾತ್ರ ಅಡ್ಡ ಬನ್ನಿ. ಮತ್ತೆ ನಂಬುವ ಒಬ್ಬರ ಹತ್ತಿರ, ಅಕ್ಕನೋ ಗೆಳತಿಯೋ ವೈದ್ಯರೋ, ಒಬ್ಬರ ಹತ್ತಿರವಾದರೂ ಪೂರ್ತಿ ನಿಜ ಹೇಳಿ. ಮುಚ್ಚಿಡುವ ಕೆಲಸ ನಿಂತ ಮನೆಗಳಲ್ಲೇ ಬದಲಾವಣೆಗೆ ದಾರಿ ಸಿಗುವುದನ್ನು ನಾನು ಜಾಸ್ತಿ ಕಂಡಿದ್ದೇನೆ. ಬೈಗುಳ, ಆಣೆ, ಕಣ್ಣೀರಿನಿಂದ ಅಷ್ಟು ಆಗುವುದಿಲ್ಲ.

ಮಕ್ಕಳಿಗೆ ಇದೆಲ್ಲ ಅರ್ಥ ಆಗುತ್ತಾ? ಅವರು ಚಿಕ್ಕವರು.

ನಿಮಗಿಂತ ಮೊದಲು ಅರ್ಥ ಆಗುತ್ತದೆ. ಎಂಟು ವರ್ಷದ ಮಗು ಹೋಂವರ್ಕ್ ಬರೆಯುತ್ತಾ ಕೂತಿದ್ದರೂ ಕಿವಿ ಗೇಟಿನ ಕಡೆ ಇರುತ್ತದೆ. ಗೇಟು ತೆಗೆದ ಸದ್ದು ಮೆಲ್ಲಗಿದೆಯಾ, ದಡಾರ್ ಅಂತಿದೆಯಾ, ಚಪ್ಪಲಿ ಬಿಟ್ಟರಾ ಎಸೆದರಾ, ಇಷ್ಟರಲ್ಲೇ ಇವತ್ತು ರಾತ್ರಿ ಹೇಗಿರುತ್ತದೆ ಅಂತ ಅದಕ್ಕೆ ತಿಳಿದುಹೋಗುತ್ತದೆ. ಪುಸ್ತಕ ಎತ್ತಿಕೊಂಡು ಒಳಗೆ ಹೋಗುವುದಾ, ತಮ್ಮನನ್ನು ಹಾಸಿಗೆಗೆ ಕರೆದುಕೊಂಡು ಹೋಗುವುದಾ, ಅಮ್ಮನ ಪಕ್ಕ ನಿಲ್ಲುವುದಾ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತದೆ. ಅದು ಮಗು ಮಾಡಬೇಕಾದ ಲೆಕ್ಕ ಅಲ್ಲ.

ಕೆಲವು ಮಕ್ಕಳು ತೀರಾ ಒಳ್ಳೆಯವರಾಗುತ್ತಾರೆ. ಮಾರ್ಕ್ಸು ಚೆನ್ನಾಗಿ, ಮನೆಗೆಲಸ ಚೆನ್ನಾಗಿ, ಒಂದು ದೂರೂ ಇಲ್ಲ. ನಾನು ಚೆನ್ನಾಗಿದ್ದರೆ ಅಪ್ಪ ಕುಡಿಯುವುದಿಲ್ಲ ಅನ್ನುವ ನಂಬಿಕೆ ಅದರ ಹಿಂದೆ ಇರಬಹುದು. ಕೆಲವರು ಶಾಲೆಯಲ್ಲಿ ಹೊಡೆದಾಡುತ್ತಾರೆ, ಆ ಮಕ್ಕಳನ್ನಾದರೂ ಯಾರೋ ಒಬ್ಬರು ಗಮನಿಸುತ್ತಾರೆ. ಇನ್ನು ಕೆಲವರು ಇದ್ದಾರೋ ಇಲ್ಲವೋ ಅನ್ನುವಷ್ಟು ಸುಮ್ಮನಾಗಿಬಿಡುತ್ತಾರೆ, ಅಂಥವರು ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ನೇಹಿತರನ್ನು ಮನೆಗೆ ಕರೆಯದ ಮಗು, ಅಮ್ಮನಿಗೆ ತಾನೇ ಸಮಾಧಾನ ಹೇಳುವ ಮಗು, ಹೊಟ್ಟೆನೋವು ಅಂತ ಆಗಾಗ ಶಾಲೆ ತಪ್ಪಿಸುವ ಮಗು. ಶಿಕ್ಷಕರು ಇದನ್ನು ಓದುತ್ತಿದ್ದರೆ ಈ ಗುರುತುಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮಕ್ಕಳಿಗೆ ಏನು ಹೇಳಬೇಕು ಅಂದರೆ, ವಯಸ್ಸಿಗೆ ತಕ್ಕಷ್ಟು ನಿಜ. ಅಪ್ಪನಿಗೆ ಒಂದು ಕಾಯಿಲೆ ಇದೆ, ಕುಡಿಯಲು ಶುರುಮಾಡಿದರೆ ನಿಲ್ಲಿಸಲು ಅವರಿಗೆ ಆಗುತ್ತಿಲ್ಲ, ಅದು ನಿನ್ನಿಂದ ಬಂದದ್ದಲ್ಲ, ನೀನು ಅದನ್ನು ಸರಿಮಾಡಬೇಕಾಗಿಯೂ ಇಲ್ಲ. ಏನೂ ಆಗಿಲ್ಲ, ಅಪ್ಪನಿಗೆ ಸುಸ್ತು ಅಂತ ಹೇಳಿದರೆ ಮಗು ತನ್ನ ಕಣ್ಣನ್ನೇ ನಂಬದ ಹಾಗೆ ಆಗುತ್ತದೆ. ಮತ್ತೆ ಬಾಟಲಿ ತರಲು, ಗ್ಲಾಸು ತೊಳೆಯಲು, ಅಪ್ಪ ಎಲ್ಲಿದ್ದಾರೆ ನೋಡಿಕೊಂಡು ಬಾ ಅಂತ ಮಕ್ಕಳನ್ನು ಎಂದೂ ಕಳಿಸಬೇಡಿ. ಒಂದು ಒಳ್ಳೆಯ ಸುದ್ದಿಯೂ ಇದೆ. ನೆಮ್ಮದಿಯಾಗಿ ಆತುಕೊಳ್ಳಬಹುದಾದ ಒಬ್ಬ ದೊಡ್ಡವರು ಸಿಕ್ಕರೂ ಮಕ್ಕಳು ಇದನ್ನು ತಡೆದುಕೊಂಡು ಚೆನ್ನಾಗಿ ಬೆಳೆಯಬಲ್ಲರು. ಅಜ್ಜಿ, ಚಿಕ್ಕಪ್ಪ, ಟೀಚರ್, ಯಾರಾದರೂ ಸರಿ.

ಗರ್ಭಿಣಿ ಸ್ವಲ್ಪ ಕುಡಿದರೆ?

ಒಂದು ಹನಿಯೂ ಬೇಡ. ಮದ್ಯ ನೇರವಾಗಿ ಮಗುವಿಗೆ ತಲುಪುತ್ತದೆ. ಹುಟ್ಟುವಾಗಲೇ ಮುಖದಲ್ಲಿ, ಬೆಳವಣಿಗೆಯಲ್ಲಿ, ಮೆದುಳಿನಲ್ಲಿ ಬರುವ ಊನಗಳನ್ನು ವೈದ್ಯರು 1973ರಲ್ಲಿ ಒಂದು ಕಾಯಿಲೆಯಾಗಿ ಗುರುತಿಸಿದರು. ಅದು ಜೀವನಪೂರ್ತಿ ಉಳಿಯುತ್ತದೆ. ಗೊತ್ತಿಲ್ಲದೆ ಕುಡಿದಿದ್ದರೆ ಹೆದರಿ ಬಚ್ಚಿಡಬೇಡಿ, ವೈದ್ಯರಿಗೆ ಹೇಳಿ. ದಿನಾ ಕುಡಿಯುವ ಅಭ್ಯಾಸ ಇದ್ದರೆ ಅವರ ಸಲಹೆಯಲ್ಲೇ ನಿಲ್ಲಿಸಿ.

ಹೆಂಗಸರ ಕುಡಿತ ಬೇರೆ ಥರವಾ?

ಚಟ ಒಂದೇ, ಪೆಟ್ಟು ಜಾಸ್ತಿ. ಅಷ್ಟೇ ಕುಡಿದರೂ ಹೆಂಗಸರ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚಿರುತ್ತದೆ, ಮೈಯಲ್ಲಿ ನೀರಿನ ಪಾಲು ಕಡಿಮೆ ಇರುವುದು ಅದಕ್ಕೊಂದು ಕಾರಣ. ಲಿವರ್ ಬೇಗ ಕೆಡುತ್ತದೆ. ಗಂಡಸು ಕುಡಿದರೆ ಪಾಪ ಅನ್ನುವ ಜನ ಹೆಂಗಸು ಕುಡಿದರೆ ಛೀ ಅನ್ನುತ್ತಾರೆ. ಹಾಗಾಗಿ ಒಬ್ಬರೇ ಕೋಣೆಯಲ್ಲಿ ಕುಡಿಯುತ್ತಾರೆ, ಚಿಕಿತ್ಸೆಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಈ ಛೀ ಅನ್ನುವುದನ್ನು ಬಿಟ್ಟರೇ ಎಷ್ಟೋ ಜೀವ ಉಳಿಯುತ್ತವೆ.

ಕುಡಿದಾಗ ಮಾತ್ರ ಹೊಡೆಯುತ್ತಾರೆ. ಎಚ್ಚರ ಇದ್ದಾಗ ದೇವರಂಥವರು.

ಪೆಟ್ಟು ಬಿದ್ದ ಮೈಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮದ್ಯ ಹಿಡಿತ ತಪ್ಪಿಸುತ್ತದೆ, ನಿಜ. ಆದರೆ ಅಷ್ಟೇ ಕುಡಿದು ಯಾರ ಮೇಲೂ ಕೈ ಎತ್ತದವರು ಬೇಕಾದಷ್ಟು ಜನ ಇದ್ದಾರೆ. ಬಾಸ್ ಮೇಲೆ, ಪೊಲೀಸರ ಮೇಲೆ ಏಳದ ಕೈ ಹೆಂಡತಿಯ ಮೇಲೆ ಮಾತ್ರ ಏಳುತ್ತದೆ ಅಂದರೆ ಅದು ಮದ್ಯದ್ದೊಂದೇ ಕೆಲಸ ಅಲ್ಲ. ಕುಡಿತಕ್ಕೆ ಚಿಕಿತ್ಸೆ ಆದರೆ ಹೊಡೆತ ತಾನಾಗಿ ನಿಲ್ಲುತ್ತದೆ ಅಂತ ಕಾಯಬೇಡಿ, ಅವೆರಡೂ ಬೇರೆ ಬೇರೆ. ನಿಮ್ಮ ಮತ್ತು ಮಕ್ಕಳ ಸುರಕ್ಷತೆ ಮೊದಲು. ಕಾಗದಪತ್ರ, ಸ್ವಲ್ಪ ಹಣ, ಒಂದು ಜೊತೆ ಬಟ್ಟೆ ಒಂದು ಚೀಲದಲ್ಲಿ ತಯಾರಿರಲಿ. ರಾತ್ರಿ ಎಷ್ಟು ಹೊತ್ತಿಗೆ ಹೋದರೂ ಬಾಗಿಲು ತೆಗೆಯುವ ಒಂದು ಮನೆ ಯಾವುದು ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. ಅಮಲಿನಲ್ಲಿದ್ದಾಗ ವಾದ ಬೇಡ, ಆ ಹೊತ್ತು ಜಾಗ ಖಾಲಿ ಮಾಡುವುದೇ ಜಾಣತನ.

ಚಿಕಿತ್ಸೆಗೆ ಬನ್ನಿ ಅಂತ ಹೇಗೆ ಹೇಳುವುದು? ಬಾಯಿ ತೆಗೆದರೆ ಜಗಳ.

ಹೊತ್ತು ನೋಡಿ. ಕುಡಿದಿರುವಾಗ ಹೇಳಿದ್ದು ನೀರಿನಲ್ಲಿ ಹೋಮ. ಮಾರನೆಯ ಬೆಳಗ್ಗೆ, ತಲೆಭಾರ ಇಳಿದು ಮುಖ ಸಣ್ಣದಾಗಿರುವ ಹೊತ್ತು ಒಳ್ಳೆಯದು. ನೀವು ಯಾವಾಗಲೂ ಹೀಗೇ, ನಿಮ್ಮಿಂದ ಮನೆ ಹಾಳಾಯ್ತು ಅನ್ನುವ ಬದಲು ನಡೆದ ಒಂದೇ ಒಂದು ಸಂಗತಿ ಹೇಳಿ. ನಿನ್ನೆ ಮಗಳು ನಿಮ್ಮನ್ನು ನೋಡಿ ಮಂಚದ ಕೆಳಗೆ ಹೋದಳು, ನನಗೆ ತುಂಬಾ ಸಂಕಟ ಆಯಿತು, ಗುರುವಾರ ಡಾಕ್ಟರ್ ಹತ್ತಿರ ಹೋಗೋಣ, ನಾನೂ ಬರುತ್ತೇನೆ. ಇಷ್ಟು ಸಾಕು. ಉಪನ್ಯಾಸ ಬೇಡ. ನಡೆಸಲಾಗದ ಬೆದರಿಕೆ ಹಾಕಬೇಡಿ, ಒಮ್ಮೆ ಹಾಕಿ ಸುಮ್ಮನಾದರೆ ಮುಂದಿನ ಮಾತಿಗೆ ಬೆಲೆ ಇರುವುದಿಲ್ಲ. ಕುಡಿಯದ ಸಂಜೆ ಒಂದು ಬಂದರೆ ಅವತ್ತು ಜೊತೆಗೆ ಕೂತು ಊಟ ಮಾಡಿ, ಚೆನ್ನಾಗಿ ಅನ್ನಿಸಿದರೆ ಬಾಯಿಬಿಟ್ಟು ಹೇಳಿ. ಕುಡಿದ ಸಂಜೆ ಎದ್ದು ಇನ್ನೊಂದು ಕೋಣೆಗೆ ಹೋಗಿ. ಮನೆಯವರಿಗೆ ಇದನ್ನೇ ಕ್ರಮವಾಗಿ ಕಲಿಸುವ ಪದ್ಧತಿಯೊಂದಿದೆ, ಕ್ರಾಫ್ಟ್ ಅಂತ. ಬರೀ ಒತ್ತಾಯ ಮಾಡುವುದಕ್ಕಿಂತ ಆ ದಾರಿಯಲ್ಲಿ ಚಿಕಿತ್ಸೆಗೆ ಬಂದವರು ಜಾಸ್ತಿ ಅಂತ ಅಧ್ಯಯನಗಳಲ್ಲಿ ಕಂಡಿದೆ.

ಗೊತ್ತಾಗದ ಹಾಗೆ ಊಟದಲ್ಲಿ ಮಾತ್ರೆ ಬೆರೆಸಿ ಬಿಡಿಸಬಹುದಂತೆ?

ಖಂಡಿತ ಬೇಡ. ಹಾಗೆ ಬೆರೆಸುವುದು ಹೆಚ್ಚಾಗಿ ಡೈಸಲ್ಫಿರಾಂ ಅನ್ನುವ ಔಷಧಿ. ಮದ್ಯ ಒಡೆಯುವಾಗ ಮಧ್ಯದಲ್ಲಿ ಹುಟ್ಟುವ ಅಸಿಟಾಲ್ಡಿಹೈಡ್ ಅನ್ನುವ ವಿಷ ಮುಂದೆ ಕರಗದ ಹಾಗೆ ಇದು ತಡೆಯುತ್ತದೆ. ಮಾತ್ರೆ ತಿಂದು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ತಾನು ಮಾತ್ರೆ ತಿಂದಿದ್ದೇನೆ ಅಂತ ಗೊತ್ತಿರುವವರು ಆ ಭಯದಿಂದ ಕುಡಿಯುವುದಿಲ್ಲ, ಆ ಔಷಧಿ ಕೆಲಸ ಮಾಡುವುದೇ ಹಾಗೆ. ಗೊತ್ತಿಲ್ಲದವರು ಎಂದಿನಂತೆ ಕುಡಿದು ಸಾಯಬಹುದು. ಕೊನೆಯ ಮಾತ್ರೆ ಆಗಿ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಒಳಗೆ ಏನಿದೆ ಅಂತ ಬರೆಯದ, ಹೆಸರಿಲ್ಲದ ಪುಡಿಗಳನ್ನಂತೂ ಮುಟ್ಟಲೇಬೇಡಿ.

ಹಾಗಾದರೆ ಸರಿಯಾದ ಚಿಕಿತ್ಸೆ ಯಾವುದು?

ಮೊದಲ ವಾರ ಮೈಯಿಂದ ಮದ್ಯ ಇಳಿಸುವುದು, ಅದನ್ನು ಆಗಲೇ ಹೇಳಿದೆ. ಬಹಳ ಜನ ಅಲ್ಲಿಗೇ ಚಿಕಿತ್ಸೆ ಮುಗಿಯಿತು ಅಂದುಕೊಂಡು ಮನೆಗೆ ಬರುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ಕುಡಿಯಬೇಕು ಅನ್ನುವ ತುಡಿತ ತಗ್ಗಿಸಲು ಅಕಾಂಪ್ರೊಸೇಟ್, ಕುಡಿದಾಗ ಸಿಗುವ ಮಜಾ ಕಡಿಮೆ ಮಾಡಲು ನಾಲ್ಟ್ರೆಕ್ಸೋನ್ ಇವೆ. ಲಿವರ್, ಕಿಡ್ನಿ ಪರೀಕ್ಷೆ ನೋಡಿ ಯಾವುದು ಸರಿ ಅಂತ ವೈದ್ಯರು ತೀರ್ಮಾನಿಸುತ್ತಾರೆ. ಜೊತೆಗೆ ಆಪ್ತಸಮಾಲೋಚನೆ ಬೇಕು. ಯಾವ ಹೊತ್ತಿಗೆ, ಯಾರ ಜೊತೆಗೆ, ಯಾವ ಬೇಸರಕ್ಕೆ ಕುಡಿಯುತ್ತಿದ್ದರು, ಆ ಹೊತ್ತಿಗೆ ಬೇರೆ ಏನು ಮಾಡಬೇಕು ಅಂತ ಕಲಿಯುವುದು ಅಲ್ಲಿ. ಖಿನ್ನತೆ, ಆತಂಕ ಒಳಗೆ ಇದ್ದರೆ ಅದಕ್ಕೂ ಚಿಕಿತ್ಸೆ ಆಗಲೇಬೇಕು.

1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬರು ಷೇರು ವ್ಯವಹಾರದವರು ಇನ್ನೊಬ್ಬರು ವೈದ್ಯರು, ಒಬ್ಬರಿಗೊಬ್ಬರು ಆಸರೆಯಾಗಿ ಕುಡಿತದಿಂದ ದೂರ ಉಳಿದರು. ಅಲ್ಲಿಂದ ಬೆಳೆದದ್ದೇ ಆಲ್ಕೋಹಾಲಿಕ್ಸ್ ಅನಾನಿಮಸ್, ಎಎ. ಹಣ ಕೊಡಬೇಕಾಗಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ತಾನು ಅನುಭವಿಸಿದ್ದನ್ನೇ ಅನುಭವಿಸಿದ ಇನ್ನೊಬ್ಬರ ಬಾಯಿಂದ ಕೇಳುವುದಕ್ಕೆ ಬೇರೆಯೇ ಶಕ್ತಿ ಇದೆ. ಮನೆಯವರಿಗಾಗಿ ಅಲ್-ಅನಾನ್ ಶುರುವಾದದ್ದು 1951ರಲ್ಲಿ. ಕುಡಿಯುವವರು ಚಿಕಿತ್ಸೆಗೆ ಒಪ್ಪದಿದ್ದರೂ ನೀವು ಅಲ್ಲಿಗೆ ಹೋಗಬಹುದು.

ಡಿ-ಅಡಿಕ್ಷನ್ ಸೆಂಟರ್ ಆರಿಸುವಾಗ ಹುಷಾರು. ಮನೋವೈದ್ಯರು ಇದ್ದಾರಾ, ಸರ್ಕಾರದ ನೋಂದಣಿ ಇದೆಯಾ, ಮನೆಯವರು ನೋಡಲು ಬಿಡುತ್ತಾರಾ ಅಂತ ಕೇಳಿ. ಹೊಡೆದು, ಕಟ್ಟಿಹಾಕಿ ಬಿಡಿಸುತ್ತೇವೆ ಅನ್ನುವ ಕಡೆ ಕಳಿಸಬೇಡಿ.

ಆರು ತಿಂಗಳು ಬಿಟ್ಟಿದ್ದವರು ಮತ್ತೆ ಕುಡಿದರು. ಎಲ್ಲ ವ್ಯರ್ಥವಾಯಿತಾ?

ಇಲ್ಲ. ಮತ್ತೆ ಜಾರುವುದು ಈ ಕಾಯಿಲೆಯಲ್ಲಿ ತುಂಬಾ ಸಾಮಾನ್ಯ. ಆ ಆರು ತಿಂಗಳು ಎಲ್ಲಿಗೂ ಹೋಗಿಲ್ಲ, ಲಿವರ್‌ಗೆ ಸಿಕ್ಕ ವಿಶ್ರಾಂತಿ, ಮಕ್ಕಳು ನಿಶ್ಚಿಂತೆಯಿಂದ ಮಲಗಿದ ರಾತ್ರಿಗಳು ಎಲ್ಲ ನಿಜ. ಒಂದು ದಿನದ ಜಾರಿಕೆ ಒಂದು ವರ್ಷದ್ದಾಗದ ಹಾಗೆ ತಕ್ಷಣ ವೈದ್ಯರನ್ನು ಕಾಣುವುದು ಮುಖ್ಯ. ಹೇಗೂ ಕುಡಿದಾಯ್ತಲ್ಲ ಅನ್ನುವ ಯೋಚನೆ ಮೊದಲ ಪೆಗ್‌ಗಿಂತ ಅಪಾಯದ್ದು. ಇಷ್ಟು ದಿನ ಬಿಟ್ಟಿದ್ದೇನೆ, ಇನ್ನು ಅಳತೆಯಲ್ಲಿ ಕುಡಿಯಬಲ್ಲೆ ಅನ್ನುವುದೂ ಅಂಥದ್ದೇ. ತೀವ್ರ ಚಟ ಇದ್ದವರಿಗೆ ಅಳತೆಯ ಕುಡಿತ ಹೆಚ್ಚಾಗಿ ನಿಲ್ಲುವುದಿಲ್ಲ.

ಕುಡಿದರೆ ಅವರವರ ಹಣೆಬರಹ, ಸಮಾಜಕ್ಕೇನು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಮದ್ಯದಿಂದ ಸತ್ತವರು 26 ಲಕ್ಷ. ಅವರಲ್ಲಿ 20 ಲಕ್ಷ ಗಂಡಸರು. ಪ್ರಪಂಚದಲ್ಲಿ ಸುಮಾರು 40 ಕೋಟಿ ಜನಕ್ಕೆ ಕುಡಿತದ ಸಮಸ್ಯೆ ಇದೆ, ಅವರಲ್ಲಿ 20.9 ಕೋಟಿ ಜನ ಪೂರ್ತಿ ಅವಲಂಬಿತರು. ಪ್ರತಿಯೊಬ್ಬರ ಸುತ್ತ ಒಂದು ಮನೆ ಇದೆ ಅಂತ ನೆನೆದರೆ ಈ ಸಂಖ್ಯೆ ಎಲ್ಲಿಗೆ ಹೋಗುತ್ತದೆ ನೋಡಿ. ಕುಡಿದು ಓಡಿಸಿದ ಗಾಡಿ ಗುದ್ದುವುದು ಕುಡಿಯದವರಿಗೂ. ಆಸ್ಪತ್ರೆ ಹಾಸಿಗೆ, ಪೊಲೀಸ್ ಠಾಣೆ, ಶಾಲೆ ಬಿಟ್ಟ ಮಕ್ಕಳು, ದುಡಿಯುವ ವಯಸ್ಸಿನಲ್ಲಿ ಹೋದ ಜೀವ, ಇದರ ಬಿಲ್ಲು ಎಲ್ಲರೂ ಕಟ್ಟುತ್ತಾರೆ.

ಪೂರ್ತಿ ನಿಷೇಧ ಮಾಡಿದರೆ ಮುಗಿಯಿತಲ್ಲ ಅನ್ನುವವರಿದ್ದಾರೆ. ಅಮೆರಿಕ 1920ರಿಂದ 1933ರವರೆಗೆ ಮಾಡಿ ನೋಡಿತು. ಶುರುವಿನಲ್ಲಿ ಕುಡಿತ ಇಳಿಯಿತು, ಆಮೇಲೆ ಕಳ್ಳದಂಧೆ ಬೆಳೆಯಿತು, ವಿಷದ ಮದ್ಯ ಕುಡಿದು ಜನ ಸತ್ತರು. ಮೆಥನಾಲ್ ಸೇರಿದ ಕಳ್ಳಮದ್ಯ ಈಗಲೂ ಕಣ್ಣು, ಜೀವ ತೆಗೆಯುತ್ತಿದೆ. ಬೆಲೆ ಏರಿಸುವುದು, ಸಿಗುವ ಹೊತ್ತು ಮತ್ತು ಜಾಗ ಕಡಿಮೆ ಮಾಡುವುದು, ಜಾಹೀರಾತು ನಿಲ್ಲಿಸುವುದು, ಕುಡಿದು ಓಡಿಸುವವರನ್ನು ಬಿಡದೆ ಹಿಡಿಯುವುದು, ಇವು ಫಲ ಕೊಟ್ಟಿವೆ. ಸ್ಕಾಟ್ಲೆಂಡ್ 2018ರಲ್ಲಿ ಇದಕ್ಕಿಂತ ಅಗ್ಗಕ್ಕೆ ಮಾರಬಾರದು ಅಂತ ಕನಿಷ್ಠ ಬೆಲೆ ಕಟ್ಟಿತು, ಮದ್ಯದಿಂದಾಗುವ ಸಾವು ಕಡಿಮೆಯಾದವು ಅಂತ ಅಲ್ಲಿನ ಆರೋಗ್ಯ ಇಲಾಖೆಯ ಮೌಲ್ಯಮಾಪನ ಹೇಳಿತು. ನನ್ನ ಅಭಿಪ್ರಾಯ ಕೇಳಿದರೆ, ಇವುಗಳ ಜೊತೆಗೆ ಸಾಮಾನ್ಯ ಆಸ್ಪತ್ರೆಯಲ್ಲೇ ಈ ಚಿಕಿತ್ಸೆ ನಾಚಿಕೆ ಇಲ್ಲದೆ ಸಿಗುವ ಹಾಗಾಗಬೇಕು. ಅದಿಲ್ಲದೆ ಬರೀ ಬಾಗಿಲು ಮುಚ್ಚಿದರೆ ಚಟಕ್ಕೆ ಬಿದ್ದವರು ಹಿಂಬಾಗಿಲು ಹುಡುಕುತ್ತಾರೆ.

ಈಗ ಕುಡಿಯುತ್ತಿಲ್ಲ, ಆದರೂ ನನಗೆ ನಂಬಿಕೆ ಬರುತ್ತಿಲ್ಲ. ನನ್ನದೇ ತಪ್ಪಾ?

ತಪ್ಪಲ್ಲ. ಹತ್ತು ವರ್ಷ ಮೂಗು ವಾಸನೆ ಹುಡುಕಿದೆ, ಹತ್ತು ದಿನದಲ್ಲಿ ಅದು ನಿಲ್ಲಿಸುವುದಿಲ್ಲ. ಅರ್ಧ ಗಂಟೆ ತಡವಾದರೆ ಎದೆ ಹೊಡೆದುಕೊಳ್ಳುತ್ತದೆ. ಇನ್ನೊಂದು ಕಡೆ, ಬಿಟ್ಟವರಿಗೂ ಮೊದಲ ತಿಂಗಳುಗಳು ಕಷ್ಟ. ನಿದ್ದೆ ಸರಿ ಇರುವುದಿಲ್ಲ, ಸಿಡಿಮಿಡಿ ಜಾಸ್ತಿ, ಇಷ್ಟೆಲ್ಲ ಮಾಡಿದರೂ ನಂಬುತ್ತಿಲ್ಲವಲ್ಲ ಅನ್ನುವ ಬೇಸರ ಬೇರೆ. ಮನೆಯ ಹಣ, ಮಕ್ಕಳ ಶಾಲೆ ಎಲ್ಲ ಇಷ್ಟು ದಿನ ನೀವೇ ನೋಡಿಕೊಂಡಿದ್ದೀರಿ, ಈಗ ಅವರಿಗೂ ಪಾಲು ಬೇಕು ಅನ್ನಿಸುತ್ತದೆ. ಒಂದೇ ಸಲ ಎಲ್ಲ ಒಪ್ಪಿಸಬೇಕಾಗಿಲ್ಲ, ಸಣ್ಣ ಸಣ್ಣ ಹೊಣೆಯಿಂದ ಶುರುಮಾಡಿ. ಇಬ್ಬರೂ ಸೇರಿ ಸಮಾಲೋಚಕರ ಹತ್ತಿರ ಹೋಗಲು ಇದು ಒಳ್ಳೆಯ ಕಾಲ. ಜಗಳದಲ್ಲಿ ಹಳೆಯದನ್ನೆಲ್ಲ ಎತ್ತಿ ಆಡುವುದಕ್ಕಿಂತ ಅಲ್ಲಿ ಕೂತು ಒಮ್ಮೆ ಪೂರ್ತಿ ಹೇಳಿಕೊಳ್ಳುವುದು ಮೇಲು.

ಏನು ಮಾಡಿದರೂ ಅವರು ಬಿಡುತ್ತಿಲ್ಲ. ನಾನು ಏನು ಮಾಡಲಿ?

ಅವರು ಬಿಟ್ಟ ಮೇಲೆ ಬದುಕುತ್ತೇನೆ ಅಂತ ನಿಮ್ಮ ಬದುಕನ್ನು ನಿಲ್ಲಿಸಿಡಬೇಡಿ. ನಿಮ್ಮ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ಇರಲಿ. ಸಾಲಪತ್ರಕ್ಕೆ, ಜಾಮೀನಿಗೆ ಓದದೆ ಸಹಿ ಹಾಕಬೇಡಿ. ಬಿಟ್ಟುಹೋದ ಕೆಲಸ, ಓದು, ಹೊಲಿಗೆ, ಹಾಡು, ಯಾವುದಿತ್ತೋ ಅದನ್ನು ಮತ್ತೆ ಹಿಡಿಯಿರಿ. ನಿದ್ದೆ ಬರದಿದ್ದರೆ, ಅಳು ನಿಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ ನಿಮಗಾಗಿ ವೈದ್ಯರನ್ನು ಕಾಣಿ. ಕುಡಿಯುವವರ ಸಂಗಾತಿಗಳಲ್ಲಿ ಖಿನ್ನತೆ ತುಂಬಾ ಇದೆ, ಅದಕ್ಕೂ ಚಿಕಿತ್ಸೆ ಇದೆ. ದೂರ ಇರಬೇಕಾ ಅನ್ನುವುದನ್ನು ನಿಮ್ಮ ಪರವಾಗಿ ಯಾರೂ ತೀರ್ಮಾನಿಸಲು ಆಗುವುದಿಲ್ಲ. ಉಳಿದವರು ಹೇಡಿಗಳಲ್ಲ, ಹೊರಟವರು ಕಲ್ಲುಮನಸ್ಸಿನವರಲ್ಲ. ತೀರ್ಮಾನ ಏನೇ ಆಗಲಿ, ಜಗಳದ ರಾತ್ರಿ ಅದನ್ನು ಮಾಡಬೇಡಿ. ಇರಲು ಜಾಗ, ಕೈಯಲ್ಲಿ ಸ್ವಲ್ಪ ಹಣ, ಮಕ್ಕಳ ವ್ಯವಸ್ಥೆ, ಕಾನೂನಿನ ಸಲಹೆ ಇಷ್ಟನ್ನು ಹೊಂದಿಸಿಕೊಂಡು, ಹಗಲು ಹೊತ್ತಿನಲ್ಲಿ, ನಂಬುವವರ ಜೊತೆ ಕೂತು ಯೋಚಿಸಿ. ಹೊಡೆತ ಬೀಳುತ್ತಿದ್ದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ, ಮೊದಲು ಹೊರಗೆ ಬನ್ನಿ.